ಅತ್ತೆಗೆ ಜ್ವರವಿಲ್ಲ, ಮೈದುನನಿಗೆ 102 ಡಿಗ್ರಿ: ಕೋವಿಡ್ ಕಂಡವರ ಅನುಭವಗಳು

ಯಾದಗಿರಿಯಿಂದ ಸಹೋದರಿಯೊಬ್ಬರ ಪ್ರಶ್ನೆ: ನಮ್ಮ ಮನೆಯಲ್ಲಿ 74 ವರ್ಷದ ಅತ್ತೆಗೂ 26 ವರ್ಷದ ಮೈದುನನಿಗೂ ಒಂದೇ ದಿನ ಕೋವಿಡ್ ದೃಢಪಟ್ಟಿದೆ. ಮೈದುನ 102 ಡಿಗ್ರಿ ಜ್ವರ, ಮೈಕೈ ನೋವಿನಿಂದ ನರಳುತ್ತಿದ್ದಾನೆ. ಅತ್ತೆಗೆ ಜ್ವರವಿಲ್ಲ, ಸುಮ್ಮನೆ ಮಲಗಿರುತ್ತಾರೆ. ಮೈದುನನನ್ನು ಆಸ್ಪತ್ರೆಗೆ ಸೇರಿಸಬೇಕೆ? ಇಂಥದ್ದನ್ನು ಕಂಡವರು ದಯವಿಟ್ಟು ತಿಳಿಸಿ.

ಕಲಬುರಗಿಯಿಂದ:

ತಂಗಿ, ಇಬ್ಬರನ್ನೂ ವೈದ್ಯರಿಗೆ ತೋರಿಸಿ, ಆದರೆ ಮೊದಲು ಅತ್ತೆಯವರನ್ನು, ಅದೂ ಇವತ್ತೇ ತೋರಿಸಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಆ ‘ಸುಮ್ಮನೆ ಮಲಗಿರುತ್ತಾರೆ’ ಎಂಬ ಮಾತು.

2021ರ ಏಪ್ರಿಲ್‌ನಲ್ಲಿ ನನಗೂ ನಮ್ಮ ಅವ್ವನಿಗೂ ಒಟ್ಟಿಗೇ ಸೋಂಕು ತಗುಲಿತು. ಆಗ ನನಗೆ 34, ಅವ್ವನಿಗೆ 71. ನನಗೆ ಮೂರು ದಿನ ಸುಡುಜ್ವರ, ಗಂಟಲು ನೋವು. ಶೇಂಗಾ ಹಿಂಡಿಯ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದರೂ ವಾಸನೆ ಬರುತ್ತಿರಲಿಲ್ಲ. ಮನೆಮಂದಿಯೆಲ್ಲ ನನ್ನ ಹಣೆಯನ್ನೇ ಮುಟ್ಟಿ ನೋಡುತ್ತಿದ್ದರು. ಅವ್ವ ಮಾತ್ರ ಕೆಮ್ಮಲಿಲ್ಲ, ನರಳಲಿಲ್ಲ. ದಿನವೂ ಎರಡು ಜೋಳದ ರೊಟ್ಟಿ ಉಣ್ಣುತ್ತಿದ್ದವರು ಅರ್ಧವನ್ನು ತಾಟಿನಲ್ಲೇ ಬಿಟ್ಟರು. ಸಂಜೆ, ತೀರಿಕೊಂಡು ಆರು ವರ್ಷವಾಗಿದ್ದ ಅಪ್ಪ ಹೊಲದಿಂದ ಬಂದರೇ ಎಂದು ಕೇಳಿದರು. ವಯಸ್ಸಾಯಿತು, ಮರೆವು ಎಂದು ನಾವು ಅಂದುಕೊಂಡೆವು. ಮರುದಿನ ಪಕ್ಕದ ಮನೆಯ ನರ್ಸಮ್ಮ ರಕ್ತದ ಆಕ್ಸಿಜನ್ ಅಳೆಯುವ ಪಲ್ಸ್ ಆಕ್ಸಿಮೀಟರ್ ತಂದು, ಅವ್ವನ ತಣ್ಣಗಿದ್ದ ಬೆರಳನ್ನು ತಿಕ್ಕಿ ಬೆಚ್ಚಗೆ ಮಾಡಿ ಹಾಕಿದಾಗ 86 ತೋರಿಸಿತು. ಬೇರೆ ಬೆರಳಿಗೆ ಹಾಕಿದರೂ ಅಷ್ಟೇ. ಅಷ್ಟಾದರೂ ಅವ್ವ ಏದುಸಿರು ಬಿಡುತ್ತಿರಲಿಲ್ಲ. ಒಂಬತ್ತು ದಿನ ಆಕ್ಸಿಜನ್ ಮೇಲಿದ್ದು ಮನೆಗೆ ಬಂದರು. ಹಾಸಿಗೆ ಸಿಗಲು ಅರ್ಧ ದಿನ ಅಲೆದದ್ದನ್ನು ಮಾತ್ರ ಇಂದಿಗೂ ಮರೆಯಲಾಗಿಲ್ಲ.

ಜ್ವರವನ್ನು ಹುಟ್ಟಿಸುವುದು ವೈರಸ್ಸಿನ ವಿರುದ್ಧ ನಮ್ಮ ದೇಹವೇ ಹೂಡುವ ಪ್ರತಿರೋಧ, ವಯಸ್ಸಾದಂತೆ ಆ ಪ್ರತಿರೋಧ ತಡವಾಗಿ, ಮಂದವಾಗಿ ಏಳುತ್ತದೆ, ಆದ್ದರಿಂದ ಜ್ವರವಿಲ್ಲ ಎಂದರೆ ರೋಗ ಹಗುರವಾಗಿದೆ ಎಂದು ಅರ್ಥವಲ್ಲ ಎಂದು ಅಲ್ಲಿನ ವೈದ್ಯರು ನನಗೆ ಬಿಡಿಸಿ ಹೇಳಿದರು. ಹಿರಿಯರ ಮೈಯ ಬಿಸಿ ಮೊದಲೇ ಕಡಿಮೆ ಇರುವುದರಿಂದ 99 ಡಿಗ್ರಿಯನ್ನೂ ಕಡೆಗಣಿಸಬಾರದು. ಅವರಲ್ಲಿ ಉಸಿರು ಸಾಲದೆ ಬಂದರೂ ಅದರ ಅರಿವು ಮಂದವಾಗಿರುತ್ತದೆ. ಊಟ ಬಿಡುವುದು, ಗೊಂದಲದ ಮಾತು, ನಡೆಯುವಾಗ ತಟ್ಟನೆ ಬೀಳುವುದು, ಇವೇ ಮೊದಲ ಲಕ್ಷಣಗಳಾಗಬಹುದು. ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಆಕ್ಸಿಜನ್ 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಹೊರಡಿ; 90ಕ್ಕಿಂತ ಕೆಳಗಿದ್ದರೆ ಒಂದು ಗಳಿಗೆಯೂ ಕಾಯಬೇಡಿ. ವೈರಸ್ಸನ್ನು ತಡೆಯುವ ಮಾತ್ರೆಗಳನ್ನು ಲಕ್ಷಣ ಕಂಡ ಐದು ದಿನಗಳ ಒಳಗೆ ಆರಂಭಿಸಬೇಕಾಗಿರುವುದರಿಂದಲೂ ಅತ್ತೆಯವರ ವಿಷಯದಲ್ಲಿ ತಡಮಾಡಬಾರದು.

ಬೀದರ್‌ನಿಂದ:

ಮೇಲಿನವರು ಬರೆದದ್ದು ಸರಿ. ಆದರೆ ಮೈದುನನನ್ನು ಪೂರ್ತಿ ಮರೆಯಬೇಡಿ, ಅಕ್ಕಾ. ದೇಶದಲ್ಲಿ ದಾಖಲಾದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯ 76 ವರ್ಷದ ಹಿರಿಯರದು. ಅಂದಿನಿಂದ ನಮ್ಮ ಕಡೆ ಇದು ಮುದುಕರ ರೋಗ ಎಂಬ ಮಾತು ನಿಂತುಬಿಟ್ಟಿತ್ತು. ಎರಡನೇ ಅಲೆಯಲ್ಲಿ ನನ್ನ 29 ವರ್ಷದ ತಮ್ಮ ಜ್ವರ ಇಳಿಯಿತೆಂದು ಎಂಟನೇ ದಿನ ಗಾಡಿ ಹತ್ತಿ ಅಂಗಡಿಗೆ ಹೋದ. ಒಂಬತ್ತನೇ ದಿನ ಮೆಟ್ಟಿಲು ಹತ್ತಲು ಉಸಿರು ಸಾಲಲಿಲ್ಲ. ಯುವಕರ ಶ್ವಾಸಕೋಶಕ್ಕೆ ತಾಳಿಕೆ ಹೆಚ್ಚು, ಬಹುಪಾಲು ಜನ ಮನೆಯಲ್ಲೇ ಗುಣವಾಗುತ್ತಾರೆ ಎಂಬುದು ನಿಜ. ಆದರೂ ರೋಗ ಉಲ್ಬಣಿಸುವುದಾದರೆ ಸಾಮಾನ್ಯವಾಗಿ ಎರಡನೇ ವಾರದ ಆಸುಪಾಸಿನಲ್ಲೇ ಆದ್ದರಿಂದ, ಜ್ವರ ಬಿಟ್ಟ ಮೇಲೂ ಕೆಲವು ದಿನ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತಿರಿ. ತಮ್ಮನಿಗೆ ದಣಿವು ನಾಲ್ಕು ತಿಂಗಳು ಬಿಡಲಿಲ್ಲ.

ಇನ್ನೊಂದು ಮಾತು. ಯಾರದೋ ಹಳೆಯ ಚೀಟಿ ತೋರಿಸಿ ಸ್ಟಿರಾಯ್ಡ್ ಮಾತ್ರೆ ತಂದು ನುಂಗಿಸಬೇಡಿ. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಆಕ್ಸಿಜನ್ ಬೇಕಾದವರ ಜೀವ ಉಳಿಸಿತು, ಬೇಡವಾದವರಿಗೆ ಪ್ರಯೋಜನವಾಗಲಿಲ್ಲ ಎಂಬುದು ಬ್ರಿಟನ್ನಿನಲ್ಲಿ 2020ರಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ತಿಳಿದಿದೆ. ಅದು ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರಕ್ಕೆ ತುತ್ತಾದವರಲ್ಲಿ ಸಕ್ಕರೆ ಕಾಯಿಲೆಯವರು, ಸ್ಟಿರಾಯ್ಡ್ ತೆಗೆದುಕೊಂಡವರೇ ಹೆಚ್ಚು.

ಯಾದಗಿರಿಯಿಂದಲೇ ಇನ್ನೊಬ್ಬರು:

ನಾನು ವಾರ್ಡಿನಲ್ಲಿ ನನ್ನ ಮಾವನವರ ಜೊತೆ ಹನ್ನೊಂದು ದಿನ ಇದ್ದೆ. ಅತ್ತೆಯವರನ್ನು ಕರೆದೊಯ್ಯುವಾಗ ಅವರು ದಿನವೂ ನುಂಗುವ ಎಲ್ಲ ಮಾತ್ರೆಗಳನ್ನೂ ಲಸಿಕೆಯ ಕಾಗದವನ್ನೂ ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಜೊತೆಗೆ ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ. ಮಾವನವರ ಕಿವಿಯ ಯಂತ್ರ ಮನೆಯಲ್ಲೇ ಉಳಿದಿತ್ತು. ಮಾಸ್ಕ್ ಹಾಕಿದವರ ಮಾತು ಕೇಳಿಸದೆ, ಯಾರೆಂದು ತಿಳಿಯದೆ, ಎರಡು ರಾತ್ರಿ ಆಕ್ಸಿಜನ್ ಕೊಳವೆಯನ್ನು ಕಿತ್ತು ಕಿತ್ತು ಹಾಕಿದರು. ಮೂರನೆಯ ದಿನ ಅದನ್ನು ತರಿಸಿ ಕಿವಿಗೆ ಹಾಕಿ ಹೆಸರು ಹಿಡಿದು ಮಾತನಾಡಿಸಿದಾಗ ಅವರೇ ಕೊಳವೆಯನ್ನು ಸರಿಮಾಡಿಕೊಂಡು ಅನ್ನ ಕೇಳಿದರು.