ಅಮ್ಮನಿಗೆ "ಬಂಗಾರ ಬೇಡ" ಅಂತ ಹೇಗೆ ಹೇಳಲಿ?

ಮಲ್ಪೆಯವನು:
ಕರ್ತನಲ್ಲಿ ಎಲ್ಲರಿಗೂ ವಂದನೆ. ನನಗೆ ಮದುವೆ ಗೊತ್ತಾಗಿದೆ. ಎರಡೂ ಕಡೆಯವರು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರೇ. ಹುಡುಗಿಯ ತಂದೆ ಬೇಕರಿಯ ಲೈನ್‌ಸೇಲ್ ವ್ಯಾನ್ ಓಡಿಸುತ್ತಾರೆ. ಈಗ ನಮ್ಮ ಮನೆಯಲ್ಲಿ ದಿನಾ ಬಂಗಾರದ್ದೇ ಮಾತು. ಅಮ್ಮ ಬಾಯಿಬಿಟ್ಟು ಕೇಳುವವರಲ್ಲ. "ನಾವು ಕೇಳುವುದು ಬೇಡ, ಅವರಾಗಿ ಹಾಕಿದರೆ ಬೇಡ ಅನ್ನುವುದೂ ಬೇಡ" ಅನ್ನುತ್ತಾರೆ. ಆದರೆ ಚಿಕ್ಕಪ್ಪ ಫೋನಿನಲ್ಲಿ ಹುಡುಗಿಯ ಮನೆಯವರಿಗೆ "ಇವರು ಮಗಳಿಗೆ ನಲವತ್ತು ಪವನ್ ಹಾಕಿದವರು, ನಿಮಗೆ ಗೊತ್ತಿರಲಿ" ಅಂದದ್ದು ನನ್ನ ಕಿವಿಗೇ ಬಿತ್ತು. ಅದು ಕೇಳಿದ ಹಾಗೆಯೇ ಅಲ್ಲವೇ?

ಅಕ್ಕನ ಮದುವೆಗೆ ಸೊಸೈಟಿಯಲ್ಲಿ ಮಾಡಿದ ಸಾಲ ಇನ್ನೂ ಮುಗಿದಿಲ್ಲ, ಅಪ್ಪನ ಪೆನ್ಶನ್‌ನಲ್ಲಿ ಕಂತು ಹೋಗುತ್ತಿದೆ. "ನಮ್ಮನ್ನು ಯಾರು ಬಿಟ್ಟರು?" ಅನ್ನುವುದು ಅಮ್ಮನ ಪ್ರಶ್ನೆ.

ಇಹಲೋಕದ ನಡವಳಿಕೆ ಬಿಟ್ಟು ಹೊಸ ಮನಸ್ಸಿನವರಾಗಬೇಕು ಅನ್ನುವ, ಬೈಬಲಿನ ರೋಮಾ ಪತ್ರದ 12ನೆಯ ಅಧ್ಯಾಯದ ಪಾಠವನ್ನು ಯೂತ್ ಮೀಟಿಂಗಿನಲ್ಲಿ ಮಾಡುವವನು ನಾನೇ. ರಾತ್ರಿ ಪ್ರಾರ್ಥನೆಯಲ್ಲಿ ಧೈರ್ಯ ಬರುತ್ತದೆ, ಬೆಳಿಗ್ಗೆ ಅಮ್ಮ ಕಾಫಿ ಕೊಟ್ಟು ಎದುರು ಕೂತರೆ ಮಾತು ಹೊರಡುವುದಿಲ್ಲ. ತಂದೆತಾಯಿಗಳನ್ನು ಸನ್ಮಾನಿಸು ಅನ್ನುವುದೂ ದೇವರ ಆಜ್ಞೆಯೇ ತಾನೆ?

ಜೆಪ್ಪು ಟೀಚರ್:
ಮಗಾ, ನಿನ್ನ ಅಮ್ಮನದು ದುರಾಸೆ ಅಂತ ನನಗೆ ಅನಿಸುವುದಿಲ್ಲ. ಅದು ಲೆಕ್ಕ. ಮಗಳನ್ನು ಕೊಡುವಾಗ ಕೈಬಿಟ್ಟು ಹೋದದ್ದು ಮಗನ ಮದುವೆಯಲ್ಲಾದರೂ ಬರಲಿ ಅನ್ನುವ ಲೆಕ್ಕ. ನಮ್ಮ ಊರಲ್ಲಿ ಬಂಗಾರ ಹೀಗೆಯೇ ಮನೆಯಿಂದ ಮನೆಗೆ ದಾಟುತ್ತಾ ಹೋಗುವುದು. ಹಾಗಾಗಿ ಬರೀ ವಾಕ್ಯ ಓದಿ ಹೇಳಿದರೆ ಅಮ್ಮನಿಗೆ ನೋವಾಗುತ್ತದೆ, ಸಾಲ ಇದ್ದಲ್ಲೇ ಇರುತ್ತದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಮಿಷನ್‌ನವರಿಗೆ ಮದ್ಯ ಆಗದು, ಬಿಲ್ಲವರು ಮೂರ್ತೆ ಕೆಲಸ, ಅಂದರೆ ಶೇಂದಿ ಇಳಿಸುವುದನ್ನು, ಬಿಡಬೇಕಾಯಿತು. ಬಿಟ್ಟ ಮೇಲೆ ಊಟಕ್ಕೆ ಏನು ಮಾಡುವುದು? ಜಾತಿಯಿಂದ ಹೊರಗೆ ಬಿದ್ದವರಿಗೆ ಹಳೆಯ ಆಸರೆ ಯಾವುದೂ ಉಳಿದಿರಲಿಲ್ಲ. ಮಿಷನ್‌ನವರು ನೇಯ್ಗೆ ಕಲಿಸಿದರು, 1865ರಲ್ಲಿ ಇಲ್ಲೇ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಆ ಕಾರ್ಖಾನೆಗಳ ಶಿಸ್ತು, ಸಂಬಳದ ಬಗ್ಗೆ ತಕರಾರು ಮಾಡುವವರಿದ್ದಾರೆ, ಇರಲಿ. ಆದರೆ ಹಳೆಯ ದಾರಿ ಬಿಡು ಅಂದವರು ಬಿಟ್ಟವರ ಹೊಟ್ಟೆಯ ಚಿಂತೆಯನ್ನೂ ಮಾಡಿದರು. ಲೋಕದ ರೀತಿ ಬಿಟ್ಟರೆ ಖರ್ಚು ಬೀಳುತ್ತದೆ, ಅದನ್ನು ಯಾರಾದರೂ ಹೊರಲೇಬೇಕು.

ನಿನ್ನ ಮನೆಯಲ್ಲಿ ಆ ಖರ್ಚು ಸೊಸೈಟಿ ಸಾಲ. ಇನ್ನು ಮುಂದೆ ಅದರ ಕಂತು ನೀನು ಕಟ್ಟು. ಮೊದಲು ಆ ಮಾತು ಹೇಳು, ಬಂಗಾರ ಬೇಡ ಅನ್ನುವುದನ್ನು ಆಮೇಲೆ ಹೇಳು. ಬೈಬಲಿನಲ್ಲಿ ಸುಂಕ ವಸೂಲಿಯ ಜಕ್ಕಾಯ ಯೇಸುವಿನ ಎದುರು ನಿಂತು ಹೇಳಿದ್ದೂ ಹಣದ ಮಾತೇ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ಅವನ ಮನಸ್ಸು ಬದಲಾದದ್ದು ಊರಿಗೆ ಕಂಡದ್ದು ಹಾಗೆ. ಅಮ್ಮನ ಹೆಗಲಿನ ಭಾರ ಇಳಿಸುವುದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ?

ಹುಬ್ಬಳ್ಳಿಯಿಂದ:
ಟೀಚರ್ ಹೇಳಿದ್ದು ಖರೆ ಐತಿ. ಇನ್ನೊಂದು ಮಾತು. ಪೌಲ ಆ ಪತ್ರ ಬರೆದದ್ದು ಒಬ್ಬನಿಗಲ್ಲ, ರೋಮಿನ ಇಡೀ ಸಭೆಗೆ. ನೀವು ಒಬ್ಬರೇ ಯಾಕ ಹೊರತೀರಿ? ಸಭಾಪಾಲಕರನ್ನ ಮನೆಗೆ ಕರೀರಿ, ಚಿಕ್ಕಪ್ಪನೂ ಇರಲಿ. ಬಂಗಾರದ ಉಂಗುರದವನಿಗೆ ಒಳ್ಳೇ ಕುರ್ಚಿ, ಬಡವನಿಗೆ ಕಾಲಬುಡ ತೋರಿಸಬ್ಯಾಡ್ರಿ ಅಂತ ಯಾಕೋಬ ತನ್ನ ಪತ್ರದೊಳಗ ಸಭೆಗೇ ಬೈದಾನ. ನಮ್ಮ ಮದುವಿ ಮನೆಯೊಳಗ ಇವತ್ತಿಗೂ ನಡಿಯೋದು ಅದ. ಮತ್ತ ಅದೇ ರೋಮಾ 12ರೊಳಗ, ನಿಮ್ಮಿಂದ ಆಗುವಷ್ಟರ ಮಟ್ಟಿಗೆ ಎಲ್ಲರ ಕೂಡ ಸಮಾಧಾನದಿಂದಿರ್ರಿ ಅಂತನೂ ಐತಿ. ಅಮ್ಮನ ಮುಂದ ದನಿ ಏರಿಸಬ್ಯಾಡ್ರಿ.

ಕಾನೂನು ಓದುವವಳು:
1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೇಳುವುದು, ಕೊಡುವುದು, ತೆಗೆದುಕೊಳ್ಳುವುದು ಮೂರೂ ಅಪರಾಧ. ಸುತ್ತುಬಳಸಿ ಕೇಳಿದರೂ ಕೇಳಿದಂತೆಯೇ, ಚಿಕ್ಕಪ್ಪನವರಿಗೆ ತಿಳಿಸಿ. ಕೇಳದೆ ಕೊಟ್ಟ ಉಡುಗೊರೆಗೆ ವಿನಾಯಿತಿ ಇದೆ, ಆದರೆ 1985ರ ನಿಯಮದಂತೆ ಅದರ ಪಟ್ಟಿ ಮಾಡಿ ವಧು, ವರ ಇಬ್ಬರೂ ಸಹಿ ಹಾಕಬೇಕು. ವಧುವಿಗೆ ಬಂದದ್ದರ ಪಟ್ಟಿ ಅವಳ ಹತ್ತಿರವೇ ಇರಬೇಕು.

ಮಲ್ಪೆಯವನು:
ಟೀಚರ್, ಈ ಸಂಜೆ ಅಪ್ಪನ ಹತ್ತಿರ ಸೊಸೈಟಿ ಪಾಸ್‌ಬುಕ್ ಕೇಳಿದೆ. ಯಾಕೆ ಅಂತ ಅಮ್ಮ ಕೇಳಿದರು, ಹೇಳಿದೆ. ಕಂತಿನ ವಿಷಯಕ್ಕೆ ಏನೂ ಅನ್ನಲಿಲ್ಲ. ಬಂಗಾರದ ಮಾತು ತೆಗೆದಾಗ ಮಾತ್ರ "ಬರಿಗೈಯಲ್ಲಿ ಬಂದಳು ಅಂತ ನಾಳೆ ಅವಳನ್ನೇ ಆಡಿಕೊಳ್ಳುತ್ತಾರೆ" ಅಂದರು. ಇದಕ್ಕೆ ಏನು ಹೇಳಲಿ?

ಜೆಪ್ಪು ಟೀಚರ್:
ಆಡಿಕೊಳ್ಳುವವರ ಎದುರು ಸೊಸೆಯ ಪರ ಮೊದಲು ಮಾತಾಡುವವರು ಅಮ್ಮನೇ ಆಗಬೇಕು ಅಂತ ಕೇಳಿಕೋ. ಹುಡುಗಿಯನ್ನು ಒಂದು ಭಾನುವಾರ ಆರಾಧನೆ ಮುಗಿಸಿ ಮನೆಗೆ ಊಟಕ್ಕೆ ಕರೆಯಿರಿ. ಅವಳ ಅಪ್ಪ, ಅಮ್ಮನೂ ಬರಲಿ. ಚಿಕ್ಕಪ್ಪನ ಫೋನಿನ ಮಾತು ಅವರ ಮನಸ್ಸಿನಲ್ಲಿ ಇನ್ನೂ ಇರುತ್ತದೆ, ಅದನ್ನು ಅಲ್ಲಿಯೇ ನಿನ್ನ ಬಾಯಿಂದ ತೆಗೆದು ಹಾಕು.