ಫ್ರೀ ಡಿಷ್ ಚಿತ್ರ ಕಂಪ್ಯೂಟರ್‌ನ್ಯಾಗ ಮಸಕು ಕಾಣ್ತದ: ಅಪ್‌ಸ್ಕೇಲ್ ಹೆಂಗ ಮಾಡಬೇಕ್ರಿ?

ತೊಗರಿನಾಡು (ಕಲಬುರಗಿ):
ಎಲ್ಲರಿಗೂ ನಮಸ್ಕಾರ್ರಿ. ಡಿಡಿ ಫ್ರೀ ಡಿಷ್ ಬಾಕ್ಸ್ ಅದ, ಎಂಪೆಗ್-2 (ಹಳೇ ನಮೂನಿ ಡಿಜಿಟಲ್ ವಿಡಿಯೋ) ಚಾನಲ್ ಅಷ್ಟೇ ಬರೋ ಮಾದರಿ. ಹಳದಿ-ಬಿಳಿ-ಕೆಂಪು ಪಿನ್ನಿನ ವೈರ್ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ (ಟಿವಿ ಚಿತ್ರ ಕಂಪ್ಯೂಟರಿಗೆ ತರೋ ಸಾಧನ) ಹಾಕೀನಿ, ಕಡ್ಡಿ ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿಂದ ಎಚ್‌ಡಿಎಂಐ 22 ಇಂಚಿನ 1080ಪಿ ಮಾನಿಟರಿಗೆ. ವಿಂಡೋಸ್ 10, 8 ಜಿಬಿ ರ‍್ಯಾಮ್, ಇಂಟೆಲ್ ಗ್ರಾಫಿಕ್ಸ್. ನೋಡೋದು ವಿಎಲ್‌ಸಿ ಪ್ಲೇಯರಿನೊಳಗ.

ತೊಂದರೆ ಮೂರು ಅವ. ಸುದ್ದಿ ಚಾನಲ್ ಕೆಳಗ ಓಡೋ ಅಕ್ಷರದ ಪಟ್ಟಿ ಹಣಿಗಿ ಹಲ್ಲಿನಂಗ ಸೀಳಿ ಕಾಣ್ತದ. ಹಳೇ ಕಾರ್ಯಕ್ರಮದಾಗ ಮಾರಿ ಅಗಲ ಆಗ್ತಾವ. ಕಪ್ಪು ಅನ್ನೋದು ಬೂದಿ ಬಣ್ಣ ಆಗ್ಯದ. ಅಪ್‌ಸ್ಕೇಲ್ (ಸಣ್ಣ ಚಿತ್ರ ದೊಡ್ಡ ಪರದೆಗೆ ಹಿಗ್ಗಸೋದು) ಮಾಡೋ ಎಐ ಸಾಫ್ಟ್‌ವೇರ್ ಒಂದು ಹಚ್ಚಿದ್ರ ಒತ್ತಕ್ಷರ ಎಲ್ಲಾ ಕೂಡಿ ಗಂಟು ಆಗಿ ಇನ್ನೂ ಕೆಟ್ಟವು. ಹೊಸ ಗ್ರಾಫಿಕ್ಸ್ ಕಾರ್ಡ್ ಇಲ್ದ ಇದು ಚಲೋ ಆಗ್ತದೇನ್ರಿ?

ಬಿದ್ರಿ ಕುಸುರಿ (ಬೀದರ್):
ಆಗ್ತದ್ರಿ ಅಣ್ಣಾ. ಆದ್ರ ಅಪ್‌ಸ್ಕೇಲ್ ಅನ್ನೋದು ಕಡೀ ಕೆಲಸ. ಅದಕ್ಕ ಮುಂಚೆ ಕೆಟ್ಟಿದ್ದು ಏನದ, ಅದನ್ನ ಅಪ್‌ಸ್ಕೇಲರ್ ದೊಡ್ಡದು ಮಾಡಿ ತೋರಸ್ತದ ಅಷ್ಟೇ.

ಮೊದಲ ಕ್ಯಾಪ್ಚರ್ ಅಳತೆ ನೋಡ್ರಿ. ನಮ್ಮ ದೇಶದ ಎಸ್‌ಡಿ (ಸಾದಾ ಗುಣಮಟ್ಟದ ಟಿವಿ) ಅಂದ್ರ ಪಾಲ್ ಪದ್ಧತಿ: 576 ಗೆರೆ, ಸೆಕೆಂಡಿಗೆ 25 ಫ್ರೇಮ್, ಒಂದೊಂದು ಫ್ರೇಮ್‌ನ್ಯಾಗ ಎರಡು ಫೀಲ್ಡ್ (ಒಂದು ಬೆಸ ಗೆರೆಗಳದು, ಒಂದು ಸಮ ಗೆರೆಗಳದು; ಇದಕ್ಕೇ ಇಂಟರ್ಲೇಸ್ಡ್ ಅಂತಾರ), ಒಟ್ಟು 50 ಫೀಲ್ಡ್. ಅಗ್ಗದ ಕಡ್ಡಿ ಭಾಳಷ್ಟು 640×480ಕ್ಕೆ ಸೆಟ್ ಆಗಿ ಬರ್ತಾವ. 576 ಗೆರೆ 480ಕ್ಕ ಒತ್ತಿದ್ರ ಬೆಸ ಗೆರೆ, ಸಮ ಗೆರೆ ಒಂದರಾಗೊಂದು ಬೆರೀತಾವ. ಬೆರೆತ ಮ್ಯಾಲ ಯಾವ ಫಿಲ್ಟರೂ ಬ್ಯಾರೆ ಮಾಡಂಗಿಲ್ಲ. ನಿಮ್ಮ ಹಣಿಗಿ ಹಲ್ಲಿನ ತೊಂದರೆ ಇಲ್ಲೇ ಇರೋ ಸಾಧ್ಯತೆ ಹೆಚ್ಚು. ವಿಎಲ್‌ಸಿ ಮೀಡಿಯಾ ಮೆನುವಿನಾಗ ಓಪನ್ ಕ್ಯಾಪ್ಚರ್ ಡಿವೈಸ್ ತೆಗೀರಿ, ವಿಡಿಯೋ ಸೈಜ್ 720x576 ಅಂತ ಬರೀರಿ, ಡಿವೈಸ್ ಪ್ರಾಪರ್ಟೀಸ್‌ನ್ಯಾಗ ಪಾಲ್-ಬಿ ಆರಿಸ್ರಿ. ವೈಯುವೈ2, ಎಂಜೆಪೆಗ್ ಎರಡೂ ಇದ್ರ ವೈಯುವೈ2 ತಗೋರಿ. ಎಂಜೆಪೆಗ್ ಅಂದ್ರ ಮೊದಲೇ ಒಮ್ಮೆ ಹಿಂಡಿದ ಚಿತ್ರ, ಅಕ್ಷರದ ಸುತ್ತ ಸೊಳ್ಳಿ ಮುತ್ತಿದಂಗ ಚುಕ್ಕಿ ಬೀಳ್ತಾವ.

ಆಮ್ಯಾಲ ಡಿಇಂಟರ್ಲೇಸ್, ಅಂದ್ರ ಫೀಲ್ಡ್‌ಗಳಿಂದ ಪೂರಾ ಚಿತ್ರ ಮಾಡೋದು. ಇದನ್ನ ಆಟೋಮ್ಯಾಟಿಕ್‌ಗೆ ಬಿಡಬ್ಯಾಡ್ರಿ. ಕಡ್ಡಿಯಿಂದ ಬರೋ ಚಿತ್ರದ ಜೊತಿ ‘ನಾನು ಇಂಟರ್ಲೇಸ್ಡ್’ ಅನ್ನೋ ಗುರುತು ಇರಂಗಿಲ್ಲ, ಹಿಂಗಾಗಿ ಆಟೋ ಸುಮ್ನ ಕುಂಡ್ರತದ. ವಿಡಿಯೋ ಮೆನುವಿನಾಗ ಆನ್ ಮಾಡಿ, ಮೋಡ್ ಯಾಡಿಫ್ 2ಎಕ್ಸ್ ಇಡ್ರಿ. ಬರೇ ಯಾಡಿಫ್ ಇಟ್ರ 50 ಫೀಲ್ಡ್‌ನ್ಯಾಗಿಂದ 25 ಚಿತ್ರ ಅಷ್ಟೇ ಬರ್ತಾವ, ಓಡೋ ಪಟ್ಟಿ ಜರ್ಕ್ ಹೊಡೀತದ. 2ಎಕ್ಸ್ ಇಟ್ರ ಪೂರಾ 50.

ಮಾರಿ ಅಗಲ ಆಗೋದು ಆಸ್ಪೆಕ್ಟ್ ರೇಶಿಯೋ (ಅಗಲ-ಎತ್ತರದ ಪ್ರಮಾಣ) ತಪ್ಪಿ. 720×576ರ ಪಿಕ್ಸೆಲ್ ಚೌಕ ಅಲ್ಲ. 4:3 ಕಾರ್ಯಕ್ರಮ ಇದ್ದಾಗ ವಿಎಲ್‌ಸಿಯೊಳಗ 4:3 ಆರಿಸ್ರಿ. ಆಗ ಮಾನಿಟರ್ ಮ್ಯಾಲ 1440×1080 ಜಾಗ ತಗೊಂಡು ಎಡಕ್ಕ ಬಲಕ್ಕ 240 ಪಿಕ್ಸೆಲ್ ಕಪ್ಪು ಉಳೀತದ. ಅದು ಇರಬೇಕಾದದ್ದೇ, ತುಂಬಸ್ಲಿಕ್ಕೆ ಹೋಗಬ್ಯಾಡ್ರಿ. ಬಾಕ್ಸಿನ ಮೆನುವಿನಾಗೂ ಹಿಗ್ಗಸೋ ಸೆಟ್ಟಿಂಗ್ ಇದ್ರ ಬಂದ್ ಮಾಡ್ರಿ.

ಬೂದಿ ಬಣ್ಣ ಅಂದ್ರ ರೇಂಜ್ ಹೊಂದಿಲ್ಲ. ಟಿವಿ ಚಿತ್ರದಾಗ ಕಪ್ಪು 16ಕ್ಕ, ಬಿಳಿ 235ಕ್ಕ ಇರ್ತದ. ಕಂಪ್ಯೂಟರ್‌ನ್ಯಾಗ 0 ಮತ್ತು 255. ನಡುವ ಎಲ್ಲೋ ಒಂದು ಕಡೆ ಪರಿವರ್ತನೆ ತಪ್ಪ್ಯದ. ಇಂಟೆಲ್ ಗ್ರಾಫಿಕ್ಸ್ ಪ್ಯಾನಲ್‌ನ್ಯಾಗ ಎಚ್‌ಡಿಎಂಐ ಮಾನಿಟರಿಗೆ ಕ್ವಾಂಟೈಸೇಶನ್ ರೇಂಜ್ ಫುಲ್ ಮಾಡ್ರಿ. ವಿಎಲ್‌ಸಿ ಬಿಟ್ಟು ಡೆಸ್ಕ್‌ಟಾಪ್ ಕೂಡ ಮಸಕು ಇದ್ರ ತಪ್ಪು ಅಲ್ಲೇ ಅದ. ಮಾನಿಟರಿನ ಶಾರ್ಪ್‌ನೆಸ್ ಹೆಚ್ಚಿಟ್ಟಿದ್ರ ಇಳಸ್ರಿ, ಅಕ್ಷರದ ಸುತ್ತ ಬರೋ ಬಿಳಿ ಅಂಚು ಅದರದೇ.

ಭೀಮಾತೀರ (ಯಾದಗಿರಿ):
ಮೇಲೆ ಹೇಳಿದ್ದೆಲ್ಲ ಸರಿ. ನನ್ನ ಸಲಹೆ ಮಾತ್ರ ಬೇರೆ: ಸಾಧ್ಯವಾದರೆ ಹಳದಿ ಪಿನ್ನನ್ನೇ ಕೈಬಿಡಿ.

ಹಳದಿ ಪಿನ್ನಿನ ಈ ಕಾಂಪೊಸಿಟ್ ವೈರ್‌ನಲ್ಲಿ ಬೆಳಕು, ಬಣ್ಣ ಎರಡೂ ಒಂದೇ ತಂತಿಯಲ್ಲಿ ಹೋಗುತ್ತವೆ. ಪಾಲ್‌ನಲ್ಲಿ ಬಣ್ಣ 4.43 ಮೆಗಾಹರ್ಟ್ಸ್ ಮೇಲೆ ಕೂತಿರುತ್ತದೆ. ಚಿತ್ರದ ಸೂಕ್ಷ್ಮ ವಿವರವೂ ಅಲ್ಲೇ ಇರುತ್ತದೆ. ಕಡ್ಡಿಯೊಳಗಿನ ಚಿಪ್ ಎರಡನ್ನೂ ಬಿಡಿಸುವಾಗ ಪಟ್ಟೆ ಸೀರೆಯ ಮೇಲೆ ಕಾಮನಬಿಲ್ಲಿನ ಬಣ್ಣ ಹರಿದಾಡುತ್ತದೆ, ಕೆಂಪು ಅಕ್ಷರದ ಅಂಚಿನಲ್ಲಿ ಚುಕ್ಕೆಗಳು ತೆವಳುತ್ತವೆ. ಅಪ್‌ಸ್ಕೇಲರ್ ಆ ಚುಕ್ಕೆಗಳನ್ನೂ ನಿಜವಾದ ವಿವರವೆಂದೇ ತಿಳಿದು ಹರಿತಗೊಳಿಸುತ್ತದೆ. ಬಾಕ್ಸಿಗೆ ಬಂದದ್ದು ಡಿಜಿಟಲ್. ಅದನ್ನು ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡುವ ದಾರಿಯಲ್ಲೇ ಈ ನಷ್ಟವೆಲ್ಲ ಆಗುವುದು.

ಬಾಕ್ಸಿನಲ್ಲಿ ಯುಎಸ್‌ಬಿ ಕಿಂಡಿ, ರಿಮೋಟಿನಲ್ಲಿ ರೆಕಾರ್ಡ್ ಗುಂಡಿ ಇದೆಯೇ ನೋಡಿ. ಇದ್ದರೆ ಪೆನ್‌ಡ್ರೈವ್ ಹಾಕಿ ರೆಕಾರ್ಡ್ ಮಾಡಿ. ಸಾಮಾನ್ಯವಾಗಿ ಟಿಎಸ್ ಫೈಲ್ ಬರುತ್ತದೆ, ಉಪಗ್ರಹದಿಂದ ಇಳಿದ ಚಿತ್ರವೇ ಇದ್ದಂತೆ. ಸೆಕೆಂಡಿಗೆ 3 ಮೆಗಾಬಿಟ್ ದರದ ಚಾನಲ್ ಗಂಟೆಗೆ ಸುಮಾರು 1.35 ಜಿಬಿ ತಿನ್ನುತ್ತದೆ. ಎಫ್‌ಎಟಿ32 ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಹಾಗಾಗಿ ಮೂರು ಗಂಟೆಯ ಆಸುಪಾಸಿನಲ್ಲಿ ತುಂಡಾಗಬಹುದು ಅಥವಾ ನಿಂತೇ ಹೋಗಬಹುದು.

ನೇರ ಪ್ರಸಾರವೇ ಬೇಕೆಂದರೆ ಡಿವಿಬಿ-ಎಸ್2 ಟ್ಯೂನರ್ (ಉಪಗ್ರಹದ ಸಿಗ್ನಲ್ ಕಂಪ್ಯೂಟರಿನಲ್ಲೇ ಹಿಡಿಯುವ ಸಾಧನ), ಯುಎಸ್‌ಬಿ ಅಥವಾ ಪಿಸಿಐ ಎಕ್ಸ್‌ಪ್ರೆಸ್. ಛತ್ರಿಯ (ಡಿಷ್ ಆಂಟೆನಾದ) ವೈರ್ ನೇರ ಅದಕ್ಕೇ. ಫ್ರೀ ಡಿಷ್ ಇರುವುದು ಜಿಸ್ಯಾಟ್-15ರಲ್ಲಿ, 93.5 ಡಿಗ್ರಿ ಪೂರ್ವ. ಕಲಬುರಗಿಯಿಂದ ಛತ್ರಿ ಹೆಚ್ಚುಕಮ್ಮಿ ಸರಿಯಾಗಿ ಆಗ್ನೇಯಕ್ಕೆ, ಅಂದರೆ ಉತ್ತರದಿಂದ 135 ಡಿಗ್ರಿಗೆ ತಿರುಗಿರಬೇಕು. ನೆಲಮಟ್ಟದಿಂದ 62 ಡಿಗ್ರಿ ಎತ್ತರ. ಆಫ್‌ಸೆಟ್ ಛತ್ರಿ ಕಣ್ಣಿಗೆ ಅಷ್ಟು ಮೇಲಕ್ಕೆ ನೋಡಿದಂತೆ ಕಾಣುವುದಿಲ್ಲ, ಹಿಂದಿನ ಅಳತೆಪಟ್ಟಿ ನಂಬಿ.

ಇನ್ನೊಂದು. ಚೌಕಚೌಕವಾಗಿ ಚಿತ್ರ ಒಡೆಯುವುದರಲ್ಲಿ ಎರಡು ಬಗೆ. ಧ್ವನಿಯೂ ಜೊತೆಗೆ ಕಡಿದರೆ ಸಿಗ್ನಲ್ ಸಾಲದು, ಛತ್ರಿ ಸರಿಪಡಿಸಬೇಕು. ಧ್ವನಿ ನೆಟ್ಟಗಿದ್ದು ಓಟ, ಕುಣಿತ, ನೀರು ಬಂದಾಗ ಮಾತ್ರ ಚೌಕ ಕಂಡರೆ ಅದು ಪ್ರಸಾರದ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಮಾಹಿತಿ) ಕೊರತೆ. ಅದಕ್ಕಷ್ಟೇ ಫಿಲ್ಟರ್ ಉಪಯೋಗ.

ತೊಗರಿನಾಡು (ಕಲಬುರಗಿ):
ಇಬ್ರಿಗೂ ಭಾಳ ಉಪಕಾರ ಆತ್ರಿ. 720×576, ಯಾಡಿಫ್ 2ಎಕ್ಸ್ ಮಾಡಿದ ಕೂಡ್ಲೆ ಹಣಿಗಿ ಹೋತು, ಕಪ್ಪೂ ಸರಿ ಆತು. ಪೆನ್‌ಡ್ರೈವ್ ರೆಕಾರ್ಡಿಂಗ್ ಅಂತೂ ಹಳದಿ ಪಿನ್ನಿಗಿಂತ ಎಷ್ಟೋ ಸಾಫ್ ಅದ. ಈಗ ಉಳಿದದ್ದು ಎರಡು: ಪಟ್ಟಿ ಓಡುವಾಗ ಸಣ್ಣಗ ತಡವರಸ್ತದ. ಮತ್ತ ಅಪ್‌ಸ್ಕೇಲರ್ ಯಾವುದು ಹಚ್ಚಲಿ?

ಬಿದ್ರಿ ಕುಸುರಿ (ಬೀದರ್):
ತಡವರಸೋದು ಮಾನಿಟರ್ 60 ಹರ್ಟ್ಸ್‌ನ್ಯಾಗ ಇರೋದ್ರಿಂದ. ಚಿತ್ರ 50, ಪರದೆ 60: ಐದಕ್ಕೊಂದು ಚಿತ್ರ ಎರಡು ಸಲ ನಿಲ್ತದ, ಸೆಕೆಂಡಿಗೆ ಹತ್ತು ಸಲ ಮುಗ್ಗರಿಸಿದಂಗ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಭಾಗದಾಗ ಮಾನಿಟರ್ 50 ಹರ್ಟ್ಸ್ ಮಾಡ್ರಿ. ಪಟ್ಟಿಯೊಳಗ 50 ಇಲ್ಲಂದ್ರ ಇಂಟೆಲ್ ಪ್ಯಾನಲ್‌ನ್ಯಾಗ ಕಸ್ಟಮ್ ರೆಸಲ್ಯೂಶನ್ ಸೇರಿಸಿ ನೋಡ್ರಿ.

ರೆಕಾರ್ಡಿಂಗ್ ನೋಡ್ಲಿಕ್ಕೆ ಎಂಪಿವಿ ಪ್ಲೇಯರ್ ಹಾಕೋರಿ. ‘ಡಿ’ ಕೀಲಿ ಒತ್ತಿದ್ರ ಡಿಇಂಟರ್ಲೇಸ್ ಆಗ್ತದ. ಸ್ಕೇಲರ್ (ಚಿತ್ರ ಹಿಗ್ಗಸೋ ವಿಧಾನ) ಮೊದಲ ಸ್ಪ್ಲೈನ್36 ಇಟ್ಟು ನೋಡ್ರಿ, ಆಮ್ಯಾಲ ಇಡಬ್ಲ್ಯೂಎ ಲ್ಯಾಂಕ್ಜೋಸ್ ಶಾರ್ಪ್. 576ರಿಂದ 1080 ಅಂದ್ರ ಬರೇ 1.875 ಪಟ್ಟು, ಈ ಎರಡರಾಗೇ ಬಹುಪಾಲು ಕೆಲಸ ಮುಗೀತದ. ಇನ್ನೂ ಬೇಕಂದ್ರ ಎನ್‌ಎನ್‌ಇಡಿಐ3 ಶೇಡರ್ (ಗ್ರಾಫಿಕ್ಸ್ ಚಿಪ್ ಮ್ಯಾಲ ಓಡೋ ಸಣ್ಣ ಪ್ರೋಗ್ರಾಂ) ಅದ. ಅದು ಎರಡು ಪಟ್ಟು ಹಿಗ್ಗಿಸಿ 1152 ಗೆರೆ ಮಾಡ್ತದ, ಎಂಪಿವಿ ಮತ್ತ 1080ಕ್ಕ ಇಳಸ್ತದ. ಓರೆ ಗೆರೆ, ದುಂಡನ ಅಕ್ಷರಕ್ಕ ಇದು ಭಾಳ ಚಲೋ, ಕನ್ನಡ ಅಕ್ಷರದ ತಲಕಟ್ಟು ಮೆಟ್ಟಿಲು ಮೆಟ್ಟಿಲು ಕಾಣಂಗಿಲ್ಲ. ಆದ್ರ 50 ಫ್ರೇಮ್‌ಗೆ ಒಂದೊಂದಕ್ಕ 20 ಮಿಲಿಸೆಕೆಂಡ್ ಅಷ್ಟೇ ಸಮಯ. 16 ನ್ಯೂರಾನಿನ ಸಣ್ಣ ಮಾದರಿಯಿಂದ ಶುರು ಮಾಡ್ರಿ. ಶಿಫ್ಟ್ ಜೊತಿ ‘ಐ’ ಒತ್ತಿದ್ರ ಬಿಟ್ಟುಹೋದ ಫ್ರೇಮ್ ಲೆಕ್ಕ ಕಾಣ್ತದ. ಅದು ಏರ್ತಿದ್ರ ನಿಮ್ಮ ಮಷೀನಿಗೆ ಭಾರ ಆತು ಅಂತ ತಿಳೀರಿ. ಅರ್ಧಾ ತಾಸು ಓಡಿಸಿ ನೋಡ್ರಿ, ಐದು ನಿಮಿಷದ ಪರೀಕ್ಷೆ ಸಾಲಂಗಿಲ್ಲ. ನಮ್ಮ ಕಡೆ ಮೇ ತಿಂಗಳ ಬಿಸಲಾಗ ಲ್ಯಾಪ್‌ಟಾಪ್ ಕಾದು ತಾನೇ ವೇಗ ಇಳಿಸ್ಕೋತದ.

ಯಾವ ಅಪ್‌ಸ್ಕೇಲರ್ ಆಗ್ಲಿ, ಮಾರಿ ನೋಡಿ ಆರಿಸಬ್ಯಾಡ್ರಿ, ಸುದ್ದಿ ಪಟ್ಟಿ ನೋಡಿ ಆರಿಸ್ರಿ. ‘ಕ್ಷ’, ‘ಸ್ತ್ರ’, ‘ದ್ಧ’ ಓದ್ಲಿಕ್ಕೆ ಬರ್ತಾವಂದ್ರ ಅದು ಇದ್ದದ್ದನ್ನೇ ಹಿಗ್ಗಿಸೇದ. ಅಕ್ಷರ ನುಣ್ಣಗ ಆಗಿ ಆಕಾರ ತಪ್ಪಿದ್ರ ತನ್ನ ಕಡೆಯಿಂದ ಏನೋ ಬರದದ.

ಶಹಾಬಾದಿ ಕಲ್ಲು (ಕಲಬುರಗಿ ಜಿಲ್ಲೆ):
ರೆಕಾರ್ಡ್ ಮಾಡಿದ್ದನ್ನ ಅಪ್‌ಸ್ಕೇಲ್ ಮಾಡಿ ಇಟ್ಕೋಬೇಕು ಅಂದ್ರ ಅವಸರ ಇಲ್ಲಲ್ರಿ, ಹಂಗಾಗಿ ವೇಪರ್‌ಸಿಂತ್ ಅನ್ನೋ ವಿಡಿಯೋ ಸಾಫ್ಟ್‌ವೇರ್‌ನ್ಯಾಗ ಕ್ಯೂಟಿಜಿಎಂಸಿ ಅನ್ನೋ ಡಿಇಂಟರ್ಲೇಸರ್ ಬಳಸ್ರಿ. ಯಾಡಿಫ್‌ಗಿಂತ ಎಷ್ಟೋ ನಿಧಾನ, ಆದ್ರ ಕ್ರಿಕೆಟ್ ಮೈದಾನದ ಬಿಳಿ ಗೆರೆ, ತಂತಿ, ಜಾಲಂದ್ರ ನಡುಗೋದು ನಿಲ್ತದ. ಫೀಲ್ಡ್ ಕ್ರಮ ಟಾಪ್ ಫಸ್ಟ್ (ಮ್ಯಾಲಿನ ಗೆರೆಯ ಫೀಲ್ಡ್ ಮೊದಲ) ಇಟ್ಟು ಶುರು ಮಾಡ್ರಿ. ಚಲನೆ ಎರಡು ಹೆಜ್ಜಿ ಮುಂದ ಒಂದು ಹೆಜ್ಜಿ ಹಿಂದ ಅನಿಸಿದ್ರ ಕ್ರಮ ತಿರುಗಿಸ್ರಿ.

ಎಡಬಲ ಅಂಚಿನಾಗ ಕಪ್ಪು ಗೆರೆ ಇದ್ರ 8-8 ಪಿಕ್ಸೆಲ್ ಕತ್ತರಿಸ್ರಿ, 704 ಉಳೀತದ. ಅದನ್ನ 1440×1080 ಮಾಡಿದ್ರ 4:3 ಬರೋಬ್ಬರಿ ಕೂಡ್ತದ.

ಭಾಳ ಮಂದಿ ತಪ್ಪೋದು ಬಣ್ಣದಾಗ. ಎಸ್‌ಡಿ ಚಿತ್ರ ಬಿಟಿ.601 ಅನ್ನೋ ಬಣ್ಣದ ಲೆಕ್ಕದಾಗ ಇರ್ತದ, ಎಚ್‌ಡಿ ಬಿಟಿ.709. ಅಳತೆ ಹಿಗ್ಗಿಸಿ ಬಣ್ಣದ ಲೆಕ್ಕ ಬದಲ್ಸದೇ ಬಿಟ್ರ, ಪ್ಲೇಯರ್ 1080 ಗೆರೆ ಕಂಡು 709 ಅಂತ ಊಹೆ ಮಾಡ್ತದ, ಮೈಬಣ್ಣ, ಹಸಿರು ಎರಡೂ ಆಚೀಚೆ ಆಗ್ತಾವ. ವಿಡಿಯೋ ಬದಲ್ಸೋ ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರಿನ ಸ್ಕೇಲ್ ಫಿಲ್ಟರಿನಾಗ ಇನ್‌ಪುಟ್ 601, ಔಟ್‌ಪುಟ್ 709 ಅಂತ ಬಾಯಿಬಿಟ್ಟು ಹೇಳ್ರಿ, ಫೈಲಿನ ಗುರುತೂ 709 ಹಾಕ್ರಿ. ವಿಡಿಯೋ ಹಿಂಡೋ ಎಕ್ಸ್264ರಾಗ ಸಿಆರ್‌ಎಫ್ (ಗುಣಮಟ್ಟದ ಅಂಕಿ) 18, 50 ಫ್ರೇಮ್ ಹಂಗೇ ಉಳಿಸಿ.

ಮೂಲ ಟಿಎಸ್ ಫೈಲ್ ಮಾತ್ರ ಅಳಿಸಬ್ಯಾಡ್ರಿ. ನಾಳೆ ಇದಕ್ಕಿಂತ ಚಲೋ ಸ್ಕೇಲರ್ ಬಂದ್ರ ಹಚ್ಚಬೇಕಾದದ್ದು ಅದಕ್ಕೇ, ನೀವು ಈಗ ಹಿಗ್ಗಿಸಿದ ಫೈಲಿಗಲ್ಲ.