ಪದಚರ್ಚೆ: ಸೆಕ್ಸಿಗೂ ‘ಲಿಂಗ’, ಜೆಂಡರಿಗೂ ‘ಲಿಂಗ’ ಆದರೆ ಹೇಗೆ? (ತುರ್ತು)

ಕುಂಬಳೆಯಿಂದ

ಗಡಿನಾಡಿನ ಕನ್ನಡಿಗರೆಲ್ಲರಿಗೂ ನಮಸ್ಕಾರ. ಪ್ಲಸ್ ಟು ಸಮಾಜಶಾಸ್ತ್ರದ ಕನ್ನಡ ಮಾಧ್ಯಮದ ಮಕ್ಕಳಿಗೆ ನಾಲ್ಕು ಪುಟದ ಟಿಪ್ಪಣಿ ಮಲಯಾಳದಿಂದ ಅನುವಾದ ಆಗುತ್ತಾ ಉಂಟು. ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು. ಕರಡಿನ ಒಂದು ವಾಕ್ಯ ನೋಡಿ: ‘ಲಿಂಗ ಹುಟ್ಟಿನಿಂದ ಬರುವುದು, ಲಿಂಗ ಸಮಾಜದಿಂದ ಬರುವುದು.’ ಎರಡಕ್ಕೂ ಒಂದೇ ಪದ ಹಾಕಿ ಹೀಗಾಯಿತು. ಮಲಯಾಳದಲ್ಲಿ ಎರಡನೆಯದಕ್ಕೆ ‘ಲಿಂಗಪದವಿ’ ಎಂದಿದೆ, ಅದನ್ನೇ ಇಡಬಹುದೇ? ಜೆಂಡರ್ ಐಡೆಂಟಿಟಿ (ತನ್ನ ಜೆಂಡರ್ ಯಾವುದೆಂಬ ಗುರುತು), ಸೆಕ್ಷುವಲ್ ಓರಿಯಂಟೇಶನ್ (ಯಾರತ್ತ ಆಕರ್ಷಣೆ ಎಂಬುದು), ಪರ್ಫಾರ್ಮೆಟಿವಿಟಿ (ಮಾಡುವುದು, ಹೇಳುವುದರಿಂದಲೇ ಜೆಂಡರ್ ಉಂಟಾಗುತ್ತದೆ ಎಂಬ ವಿಚಾರ), ಈ ಮೂರಕ್ಕೂ ಪದ ಬೇಕು. ಜತೆಗೆ ಟ್ರಾನ್ಸ್‌ಜೆಂಡರ್ ಜನರಿಗಾಗಿ ಇರುವ ಒಂದು ಸಹಾಯ ಕೇಂದ್ರದ ಬೋರ್ಡು. ಮಲಯಾಳದ ಕೆಳಗೆ ಕನ್ನಡಕ್ಕೆ ಒಂದೇ ಸಾಲು ಜಾಗ.

ಹೊಸೂರಿನಿಂದ

ಮೊದಲು ‘ಲಿಂಗ’ ಬಿಡಿ. ತಮಿಳಿನಲ್ಲಿ ಸೆಕ್ಸಿಗೆ ‘ಪಾಲ್’, ಜೆಂಡರಿಗೆ ‘ಪಾಲಿನಂ’. ಪಾಲ್ ಎಂದರೆ ವಿಭಾಗ, ನಮ್ಮ ‘ಪಾಲು’ ಅದೇ ಬೇರಿನದು. ತಮಿಳಿನ ಹಳೆಯ ವ್ಯಾಕರಣ ತೊಲ್ಕಾಪ್ಪಿಯಂ ಐದು ಪಾಲ್ ಹೇಳುತ್ತದೆ: ಗಂಡು, ಹೆಣ್ಣು, ಪಲರು (ಹಲವರು), ಒಂದು, ಪಲವು (ಹಲವು). ಗಂಡುತನದಿಂದ ಹೆಣ್ತನಕ್ಕೆ ತಿರುಗಿದವರ ಹೆಸರಿಗೆ ಪ್ರತ್ಯೇಕ ಪ್ರತ್ಯಯ ಇಲ್ಲ, ಇರುವ ಪ್ರತ್ಯಯಗಳನ್ನೇ ಹಚ್ಚಬೇಕು ಎಂಬ ಸೂತ್ರವೂ ಅಲ್ಲಿದೆ. ದ್ರಾವಿಡ ನುಡಿ ಇಷ್ಟು ಯೋಚಿಸಿರುವಾಗ ಸಂಸ್ಕೃತಕ್ಕೆ ಕೈಯೊಡ್ಡುವುದೇಕೆ? ‘ಪಾಲು’, ‘ಪಾಲ್ತನ’ ಎಂದು ಬರೆಯಿರಿ.

ಬದಿಯಡ್ಕದಿಂದ

ಆಗದು. ನಮ್ಮಲ್ಲಿ ಪಾಲು ಎಂದರೆ ಆಸ್ತಿ. ‘ಹೆಣ್ಣುಪಾಲು’ ಎಂದು ಓದಿದ ಮಗು, ಪಾಲುಪಟ್ಟಿಯಲ್ಲಿ ಹೆಣ್ಣುಮಕ್ಕಳಿಗೆ ಬಂದ ಜಾಗ ಎಂದೇ ತಿಳಿದುಕೊಳ್ಳುತ್ತದೆ.

ಟೀಚರೇ, ಲಿಂಗಪದವಿಯೂ ಬೇಡ. ಮಲಯಾಳದ ‘ಪದವಿ’ ಸ್ಥಾನಮಾನ. ಕನ್ನಡದ ಪ್ಲಸ್ ಟು ಮಕ್ಕಳಿಗೆ ಪದವಿ ಎಂದಾಗ ಮೊದಲು ಹೊಳೆಯುವುದು ಬಿ.ಎ., ಬಿ.ಕಾಂ. ಲಿಪಿ ಬದಲಾಯಿಸಿದರೆ ಅನುವಾದವಾಯಿತೆಂದು ತಿಳಿದು ಮಾಡಿದ ಇಂಥ ಕೆಲಸದಿಂದ ಕಾಸರಗೋಡಿನ ಮಕ್ಕಳು ಸಾಕಷ್ಟು ಕಷ್ಟಪಟ್ಟಿದ್ದಾರೆ.

ಸೆಕ್ಸಿಗೆ ‘ಲಿಂಗ’, ಜೆಂಡರಿಗೆ ‘ಲಿಂಗತ್ವ’. ಕರ್ನಾಟಕದಲ್ಲಿ ಈಗಾಗಲೇ ಓಡಾಡುವ ಪದ. ಲಿಂಗ ವ್ಯಾಕರಣದ ಮಾತು ಎಂಬ ಆಕ್ಷೇಪ ನಿಲ್ಲುವುದಿಲ್ಲ, ಇಂಗ್ಲಿಷಿನವರೂ ‘ಜೆಂಡರ್’ ಅನ್ನು ವ್ಯಾಕರಣದಿಂದಲೇ ಎತ್ತಿಕೊಂಡರು. 1955ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಮನಿ ‘ಜೆಂಡರ್ ರೋಲ್’ ಎಂದರು, 1968ರಲ್ಲಿ ಮನೋವೈದ್ಯ ರಾಬರ್ಟ್ ಸ್ಟಾಲರ್ ಸೆಕ್ಸ್ ಬೇರೆ, ಜೆಂಡರ್ ಬೇರೆ ಎಂದು ಬಿಡಿಸಿದರು, 1972ರಲ್ಲಿ ಸಮಾಜಶಾಸ್ತ್ರಜ್ಞೆ ಆ್ಯನ್ ಓಕ್ಲಿ ಆ ಭೇದವನ್ನು ಸಮಾಜಶಾಸ್ತ್ರದೊಳಗೆ ತಂದರು. ಒಂದೇ ಎಚ್ಚರ: ‘-ತ್ವ’ ಹಚ್ಚಿದ ಕೂಡಲೇ ಹುಟ್ಟುಗುಣದ ಹಾಗೆ ಕೇಳುತ್ತದೆ. ಪಾಠ ಹೇಳುವುದು ಅದರ ವಿರುದ್ಧ. ಅದನ್ನು ಕ್ರಿಯಾಪದದಲ್ಲಿ ಸರಿಮಾಡಿ. ‘ಲಿಂಗತ್ವ ಬರುತ್ತದೆ’ ಅಲ್ಲ, ‘ಲಿಂಗತ್ವ ರೂಪುಗೊಳ್ಳುತ್ತದೆ’.

ಅಕ್ಕಲಕೋಟೆಯಿಂದ

ಮರಾಠಿಯ ‘ಲಿಂಗಭಾವ’ವನ್ನು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಅದನ್ನು ತರಬೇಡಿರಿ. ಮರಾಠಿಯಲ್ಲಿ ಗಟ್ಟಿಯಾಗಿ ನಿಂತ ಪದ, ಖರೆ. ಆದರೆ ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗ ಎಂದು ಚಿಕ್ಕಂದಿನಿಂದ ಕೇಳಿದ ಕನ್ನಡದ ಕಿವಿಗೆ ಅದು ಬೇರೆಯದೇ ಅರ್ಥ ಕೊಡುತ್ತದೆ. ಐಡೆಂಟಿಟಿಗೆ ಮಾತ್ರ ‘ಅಸ್ಮಿತೆ’ ಇರಲಿ. ನಮ್ಮ ಕಡೆ ದಿನಾ ಪೇಪರಿನಲ್ಲಿ ಬರುವ ಪದ.

ಬದಿಯಡ್ಕದಿಂದ

ಅಸ್ಮಿತೆ ಬೇಡ. ‘ಅಸ್ಮಿ’ ಎಂದರೆ ‘ಇದ್ದೇನೆ’. ಎಲ್ಲವೂ ಒಳಗಿನಿಂದಲೇ ಹುಟ್ಟಿತು ಎಂದಾಗುತ್ತದೆ. ಯೋಗಸೂತ್ರದಲ್ಲಂತೂ ಅದು ಐದು ಕ್ಲೇಶಗಳಲ್ಲಿ ಒಂದು. ‘ಗುರುತು’ ಸಾಕು, ಯಾಕೆಂದರೆ ಕನ್ನಡದಲ್ಲಿ ‘ಕೊಳ್ಳು’ ಉಂಟು. ಸಮಾಜ ಗುರುತಿಸುತ್ತದೆ, ವ್ಯಕ್ತಿ ಗುರುತಿಸಿಕೊಳ್ಳುತ್ತಾರೆ. ಇವೆರಡರ ಎಳೆದಾಟದಲ್ಲಿ ಗುರುತು ಹೇಗೆ ಆಗುತ್ತದೆ ಎಂಬುದೇ ಇಡೀ ಪಾಠ. ವ್ಯಕ್ತಿ ತಾನೇ ಗುರುತಿಸಿಕೊಂಡ ಲಿಂಗತ್ವವನ್ನು ಕಾನೂನು ಮಾನ್ಯ ಮಾಡಬೇಕು ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ಹೇಳಿದ್ದನ್ನೂ ಈ ಕ್ರಿಯಾಪದದಲ್ಲೇ ಬರೆಯಬಹುದು. ಏಕವಚನ ಬಳಸಿದರೆ ‘-ಆನೆ’, ‘-ಆಳೆ’ ಎಂದು ಲಿಂಗ ಮೊದಲೇ ತೀರ್ಮಾನ ಆಗಿಬಿಡುತ್ತದೆ. ಉದಾಹರಣೆಗಳಲ್ಲೆಲ್ಲ ‘ಅವರು’ ಇಡಿ.

ಓರಿಯಂಟೇಶನ್‌ಗೆ ‘ಲೈಂಗಿಕ ಒಲವು’. ‘ದೃಷ್ಟಿಕೋನ’ ತಪ್ಪು, ‘ಆಯ್ಕೆ’ ಇನ್ನೂ ದೊಡ್ಡ ತಪ್ಪು. ನಡತೆ, ಒಲವು, ಗುರುತು ಮೂರನ್ನೂ ಬೇರೆಬೇರೆ ಇಡಿ. 1968ರಲ್ಲಿ ಸಮಾಜಶಾಸ್ತ್ರಜ್ಞೆ ಮೇರಿ ಮ್ಯಾಕಿಂತೋಶ್ ‘ಹೋಮೋಸೆಕ್ಷುವಲ್’ ಎನ್ನುವುದು ರೋಗದ ಹೆಸರಲ್ಲ, ಸಮಾಜ ಕಟ್ಟಿದ ಒಂದು ಪಾತ್ರ ಎಂದು ವಾದಿಸಿದ್ದು ಈ ಭೇದದ ಮೇಲೆಯೇ. ‘ಸಲಿಂಗಕಾಮಿ’ ಎಂದು ಬರೆದರೆ ‘ಕಾಮಿ’ ಎಂಬಲ್ಲೇ ಬೈಗುಳ ಸೇರುತ್ತದೆ. ‘ಸಲಿಂಗ ಒಲವಿನವರು’ ಎನ್ನಿ.

ಕುಂಬಳೆಯಿಂದ

ಉಪಕಾರವಾಯಿತು. ಪರ್ಫಾರ್ಮೆಟಿವಿಟಿಗೆ ಕರಡಿನಲ್ಲಿ ‘ಲಿಂಗತ್ವ ಒಂದು ವೇಷ’ ಎಂದಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಮಕ್ಕಳಿಗೆ ಯಕ್ಷಗಾನದ ಸ್ತ್ರೀವೇಷದ ಉದಾಹರಣೆ ಬೇಗ ಹಿಡಿಸುತ್ತದೆ ಎಂದು.

ಪೆರ್ಲದಿಂದ

ಬೇಗ ಹಿಡಿಸುತ್ತದೆ, ತಪ್ಪಾಗಿ ಹಿಡಿಸುತ್ತದೆ. ಸ್ತ್ರೀವೇಷದವರು ಆಟ ಮುಗಿದ ಮೇಲೆ ಚೌಕಿಗೆ (ಬಣ್ಣದ ಮನೆಗೆ) ಬಂದು ಕಟ್ಟಿದ್ದನ್ನು ಬಿಚ್ಚಿ, ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಾರೆ. ಬಣ್ಣದ ಹಿಂದೆ ಬೇರೊಬ್ಬ ಇದ್ದಾನೆ. ಪರ್ಫಾರ್ಮೆಟಿವಿಟಿಯ ವಿಚಾರ ಮಂಡಿಸಿದ ಚಿಂತಕರಾದ ಜುಡಿತ್ ಬಟ್ಲರ್ 1990ರಲ್ಲಿ ಹೇಳಿದ್ದು ಹಾಗೆ ಹಿಂದೆ ನಿಂತ ಕರ್ತೃ ಇಲ್ಲ ಎಂದು. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದರಿಂದಲೇ ‘ಹೆಣ್ಣು’, ‘ಗಂಡು’ ಉಂಟಾಗುತ್ತವೆ. ಬೆಳಿಗ್ಗೆ ಎದ್ದು ಬೇಕಾದ ಬಟ್ಟೆ ಆರಿಸಿ ತೊಡುವ ಹಾಗಲ್ಲ ಇದು ಎಂದು 1993ರಲ್ಲಿ ಅವರೇ ಸ್ಪಷ್ಟ ಮಾಡಬೇಕಾಯಿತು. ಹಾಗಾಗಿ ವೇಷ, ಅಭಿನಯ, ಪ್ರದರ್ಶನ ಮೂರೂ ಬೇಡ. ಯಕ್ಷಗಾನ ಬೇಕಾದರೆ ಸಮಾಜಶಾಸ್ತ್ರಜ್ಞ ಗಾಫ್‌ಮನ್‌ಗೆ ಇಡಿ. ದಿನದ ಬದುಕನ್ನೇ ನಾಟಕದ ಹಾಗೆ ನೋಡಿದ ಅವರ 1959ರ ಪುಸ್ತಕದ ಮುಂದಿನ ರಂಗ, ಹಿಂದಿನ ರಂಗಕ್ಕೆ ನಮ್ಮ ರಂಗಸ್ಥಳ, ಚೌಕಿ ಸರಿಯಾಗಿ ಕೂರುತ್ತವೆ.

ಇಲ್ಲಿ ಮಾತಿನ ಅಂಶವೂ ಉಂಟು. ‘ಧಾರೆ ಎರೆದು ಕೊಟ್ಟಿದ್ದೇನೆ’ ಎಂದಾಗ ಆ ಮಾತೇ ಕೆಲಸ, ವರದಿಯಲ್ಲ. ಹೆರಿಗೆ ಕೋಣೆಯಲ್ಲಿ ‘ಹೆಣ್ಣುಮಗು’ ಎಂದದ್ದೂ ಹಾಗೆಯೇ. ಅಲ್ಲಿಂದ ಹೆಸರು, ಬಟ್ಟೆ, ಕೂರುವ ರೀತಿ, ನಗುವ ಗಟ್ಟಿ ಎಲ್ಲ ಶುರು. ಮಾಡುವುದು, ಹೇಳುವುದು ಎರಡನ್ನೂ ಹಿಡಿಯುವ ಪದ ನಮ್ಮಲ್ಲಿ ‘ನಡೆನುಡಿ’. ‘ಲಿಂಗತ್ವ ನಡೆನುಡಿಯಿಂದ, ಅದರ ಪುನರಾವರ್ತನೆಯಿಂದ ರೂಪುಗೊಳ್ಳುತ್ತದೆ’ ಎಂದು ಬಿಡಿಸಿ ಬರೆಯಿರಿ. ತಲೆಬರಹಕ್ಕೆ ಪರ್ಫಾರ್ಮೆಟಿವಿಟಿ ಎಂದೇ ಇರಲಿ.

ಹೊಸೂರಿನಿಂದ

‘ಪುನರಾವರ್ತನೆ’ ಸಂಸ್ಕೃತ, ತಲೆಬರಹ ಇಂಗ್ಲಿಷ್. ನಡುವೆ ಕನ್ನಡ ಎಲ್ಲಿ ಉಳಿಯಿತು? ಗಡಿಯಲ್ಲಿದ್ದು ನಾವೇ ಬಿಟ್ಟುಕೊಟ್ಟರೆ ಬೆಂಗಳೂರಿನವರನ್ನು ಏಕೆ ದೂರಬೇಕು?

ಮಡಕಶಿರಾದಿಂದ

ತೆಲುಗಿನಲ್ಲಿ ‘ಜೆಂಡರ್’ ಎಂದೇ ಬರೆಯುತ್ತಾರೆ, ತೆಲುಗು ಸತ್ತಿಲ್ಲ. ಹೊಸೂರಿನ ಅಣ್ಣನವರೇ, ಸಂಸ್ಕೃತ ಬೇಡ, ಇಂಗ್ಲಿಷ್ ಬೇಡ, ಮಲಯಾಳ ಬೇಡ, ತಮಿಳು ಮಾತ್ರ ಬೇಕು ಎಂದರೆ ಅದೂ ಎರವಲೇ.

ಬದಿಯಡ್ಕದಿಂದ

ಆ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ. ಬೋರ್ಡಿನ ವಿಷಯ ಬಾಕಿ ಉಂಟು.

‘ಮಂಗಳಮುಖಿ’ ಹಾಕಬೇಡಿ. ಹೆಣ್ಣಾಗಿ ಬದುಕುವವರಿಗೆ ಮಾತ್ರ ಸಲ್ಲುವ ಪದ, ಟ್ರಾನ್ಸ್ ಗಂಡಸರು ಹೊರಗುಳಿಯುತ್ತಾರೆ. ತಮಿಳಿನಲ್ಲಿ ತಿರುನಂಗೈ (ಟ್ರಾನ್ಸ್ ಹೆಂಗಸು), ತಿರುನಂಬಿ (ಟ್ರಾನ್ಸ್ ಗಂಡಸು) ಎಂದು ಎರಡು ಇರುವುದು ಅದಕ್ಕೇ. ‘ಲಿಂಗಪರಿವರ್ತಿತ’ ಎಂದರೆ ಶಸ್ತ್ರಚಿಕಿತ್ಸೆ ಆದವರು ಮಾತ್ರ ಎಂದಾಗುತ್ತದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ ಮೂಲ ವ್ಯಾಖ್ಯೆಯಲ್ಲಿ ಚಿಕಿತ್ಸೆ ಆಗಿರಲಿ, ಬಿಡಲಿ, ಇಬ್ಬರೂ ಬರುತ್ತಿದ್ದರು. ‘ಲಿಂಗತ್ವ ಅಲ್ಪಸಂಖ್ಯಾತರು’ ಟಿಪ್ಪಣಿಗೆ ಸರಿ, ಬೋರ್ಡಿಗೆ ಉದ್ದ. ಅದೂ ಅಲ್ಲದೆ ಕಾಸರಗೋಡಿನ ಕಚೇರಿಗಳಲ್ಲಿ ‘ಅಲ್ಪಸಂಖ್ಯಾತರು’ ಎಂದ ಕೂಡಲೇ ಭಾಷಾ ಅಲ್ಪಸಂಖ್ಯಾತರ ನೆನಪಾಗುತ್ತದೆ. ‘ಟ್ರಾನ್ಸ್‌ಜೆಂಡರ್ ಸಹಾಯ ಕೇಂದ್ರ’ ಎಂದು ಹಾಕಿ. ಹುಡುಕಿಕೊಂಡು ಬರುವವರಿಗೆ ಗೊತ್ತಿರುವ ಪದ ಅದು.

ಟೈಪ್ ಮಾಡುವಾಗ ‘ಸ್’ ಆದ ಮೇಲೆ ಜೋಡಣೆ ತಡೆಯುವ ಅಕ್ಷರ, ಅಂದರೆ ಝಡ್‌ಡಬ್ಲ್ಯುಎನ್‌ಜೆ, ಹಾಕಲೇಬೇಕು. ಇಲ್ಲದಿದ್ದರೆ ‘ಜ’ ಒತ್ತಾಗಿ ಕೆಳಗಿಳಿದು ಓದಲಾಗದ ಮುದ್ದೆಯಾಗುತ್ತದೆ. ಫ್ಲೆಕ್ಸಿನವರಿಗೆ ವಾಟ್ಸಾಪಿನಲ್ಲಿ ಪಠ್ಯ ಕಳಿಸಬೇಡಿ, ಅವರ ಸಾಫ್ಟ್‌ವೇರಿನಲ್ಲಿ ಫಾಂಟ್ ಬದಲಾಗುವಾಗ ಆ ಅಕ್ಷರ ಬಿದ್ದುಹೋಗುತ್ತದೆ. ಪಿಡಿಎಫ್ ಮಾಡಿ ಕೊಡಿ, ಪ್ರೂಫನ್ನು ಕನ್ನಡ ಬಲ್ಲವರೇ ನೋಡಲಿ.